ಕುಷ್ಟ ಮರಕಾಲರು ತಿರುಗಿಸಿದ ಕಿವಿ

ನಾನು ಒಂದು ಫಿಶ್ ಫೈಂಡರ್, ನೀರಿನಡಿಯ ಮೀನು ತೋರಿಸಿಕೊಡುವ ಯಂತ್ರ. ಈಗ ಕಪಾಟಿನ ಮೇಲೆ ಸುಮ್ಮನೆ ಕೂತಿದ್ದೇನೆ ಅಂತ ನನ್ನನ್ನು ಹಗುರವಾಗಿ ಕಾಣಬೇಡಿ. ಗಂಗೊಳ್ಳಿ ಬಂದರಿನಲ್ಲಿ ಒಂದು ಕಾಲಕ್ಕೆ ನನ್ನ ಮುಖ ನೋಡಲಿಕ್ಕೆ ಬೇರೆ ಬೋಟಿನವರು ಕುತ್ತಿಗೆ ಉದ್ದ ಮಾಡುತ್ತಿದ್ದರು. ಇದನ್ನು ಹೆಮ್ಮೆ ಅನ್ನಿ, ಸೊಕ್ಕು ಅನ್ನಿ, ನನಗೇನೂ ಬೇಸರವಿಲ್ಲ.

ನಾನು ಹುಟ್ಟಿದ್ದು ದೂರದ ದೇಶದ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ಹಾಕಿದ ಹೆಂಗಸೊಬ್ಬಳು ನನ್ನ ಮುಖಕ್ಕೆ ಗಾಜು ಕೂರಿಸಿದಳು. ನನ್ನ ದೇಹ ಎರಡು ತುಂಡು. ಮುಖ ಬೋಟಿನ ಕ್ಯಾಬಿನ್ನಿನಲ್ಲಿ, ಸ್ಟಿಯರಿಂಗ್ ಪಕ್ಕ. ಬಾಯಿ ಮತ್ತು ಕಿವಿ ಬೋಟಿನ ಹೊಟ್ಟೆಯ ಅಡಿಗೆ, ನೀರಿನೊಳಗೆ. ನಡುವೆ ಒಂದು ಉದ್ದ ಕೇಬಲ್. ಬಾಯಿಯಿಂದ ನಾನು ಕೆಳಗೆ ಕೂಗು ಹಾಕುತ್ತೇನೆ. ಕೂಗು ನೆಲಕ್ಕೆ ಬಡಿದು, ಮೀನಿಗೆ ಬಡಿದು ವಾಪಸು ಬರುತ್ತದೆ. ಕೇಳಿಸಿದ್ದನ್ನು ಮುಖದ ಮೇಲೆ ಕಪ್ಪಾಗಿ ಬರೆಯುತ್ತೇನೆ, ಅಷ್ಟೇ ನನ್ನ ಕಸುಬು. ಎಷ್ಟು ಕಿವಿಗೊಟ್ಟು ಕೇಳಬೇಕು ಅನ್ನುವುದಕ್ಕೆ ಮುಖದ ಬಲಗಡೆ ಒಂದು ತಿರುಗಿಸುವ ಗುಂಡಿ ಇದೆ. ಅದರ ಹೆಸರು ಗೇನ್. ಆ ಗುಂಡಿ ನನ್ನ ಕೈಯಲ್ಲಿಲ್ಲ, ನನ್ನನ್ನು ನಡೆಸುವವರ ಕೈಯಲ್ಲಿದೆ. ನನ್ನ ಕಥೆಯೆಲ್ಲ ಆ ಗುಂಡಿಯದ್ದೇ.

ನನ್ನನ್ನು ಕೊಂಡವರು ಕುಷ್ಟ ಮರಕಾಲರು. 'ಗಂಗಾಭವಾನಿ' ಎಂಬ ಟ್ರಾಲ್ ಬೋಟಿನ ತಾಂಡೇಲರು, ಅಂದರೆ ಸ್ಟಿಯರಿಂಗ್ ಹಿಡಿದು ಬಲೆ ಎಲ್ಲಿ ಬಿಡಬೇಕೆಂದು ಹೇಳುವವರು. ಬೋಟಿನಲ್ಲಿ ಅರ್ಧ ಪಾಲು ಅವರದು, ಇನ್ನರ್ಧ ಅವರ ಹೆಂಡತಿ ಮುತ್ತಕ್ಕನ ಅಣ್ಣ ನಾಗಪ್ಪನವರದು.

ಮೊದಲ ದಿನ ಕುಷ್ಟಣ್ಣ ನನ್ನ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟರು. ಜಾಸ್ತಿ ಇಟ್ಟರೆ ಜಾಸ್ತಿ ಮೀನು ಅಂತ ಲೆಕ್ಕ. ಅಷ್ಟು ಕಿವಿ ತೆರೆದರೆ ನಾನೇನು ಮಾಡಲಿ? ಅಲೆಯ ಗುಳ್ಳೆ, ನೀರಿನ ಕಸ, ಕಣ್ಣಿಗೆ ಕಾಣದ ಹುಳ, ನಮ್ಮದೇ ಇಂಜಿನ್ನಿನ ಸದ್ದು, ಎಲ್ಲ ಕೇಳಿಸಿತು. ಕೇಳಿಸಿದ್ದನ್ನೆಲ್ಲ ಬರೆದೆ. ಮುಖ ಇಡೀ ಕಪ್ಪಾಯಿತು.

"ಹ್ವಾಯ್, ಬಲೆ ಬಿಡಿ. ಅಡಿಂದ ಮೇಲ್ ತನ್ಕ ಮೀನೇ" ಅಂದರು ಕುಷ್ಟಣ್ಣ.

ಬಲೆ ಎಳೆದಾಗ ಬಂದದ್ದು ನಾಲ್ಕು ಏಡಿ ಮತ್ತು ಒಂದು ಹಳೆ ಚಪ್ಪಲಿ. ಬಲೆ ಎಳೆಯುವ ಶೀನ ಮುಖ ಒರೆಸಿಕೊಂಡು ಹೇಳಿದ, "ಕುಷ್ಟಣ್ಣ, ಮೀನೆಲ್ಲ ನಿಮ್ ಟಿ.ವಿ.ಯಗೇ ಉಳ್ದಿತ್ ಕಾಣಿ."

ಬೇರೆಯವರಾಗಿದ್ದರೆ ನನ್ನನ್ನು ಬೈದು ಮೂಲೆಗೆ ಹಾಕುತ್ತಿದ್ದರು. ಕುಷ್ಟಣ್ಣ ಹಾಗಲ್ಲ. ಹಿಂದೆ ಅವರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಗುಂಡಿನ ಬುಡಕ್ಕೆ ಸೋಪು ಮೆತ್ತಿ ಕೆಳಗೆ ಬಿಡುತ್ತಿದ್ದರಂತೆ. ಆಳ ಎಷ್ಟು ಮಾರು ಅನ್ನುವುದು ಹಗ್ಗದಲ್ಲಿ ಸಿಗುತ್ತದೆ, ನೆಲ ಕೆಸರೋ ಮರಳೋ ಅನ್ನುವುದು ಸೋಪಿಗೆ ಅಂಟಿ ಬರುತ್ತದೆ. ಆ ಗುಂಡನ್ನು ಮತ್ತೆ ಹೊರಗೆ ತೆಗೆದರು. ಗುಂಡು ಬಿಟ್ಟು ನೋಡುವುದು, ನನ್ನ ಕಿವಿ ತಿರುಗಿಸಿ ನೋಡುವುದು. ಹೀಗೆ ಒಂದು ಇಡೀ ಸೀಸನ್ ನನ್ನನ್ನು ಕಲಿತರು. ಆಮೇಲೆ ಗುಂಡು ಮನೆಯಲ್ಲಿ ಬಾಗಿಲಿಗೆ ಅಡ್ಡ ಇಡಲಿಕ್ಕೆ ಹೋಯಿತು.

ಅವರ ಕೈ ನೋಡಬೇಕಿತ್ತು ನೀವು. ಹೊಸ ಜಾಗಕ್ಕೆ ಬಂದ ಕೂಡಲೇ ಗುಂಡಿಯನ್ನು ನಿಧಾನ ಮೇಲೆ ಏರಿಸುತ್ತಿದ್ದರು. ಬಂಗಡೆಗೆ ರವೆ ಹಚ್ಚಿದ ಹಾಗೆ ನನ್ನ ಮುಖದ ತುಂಬ ಸಣ್ಣ ಸಣ್ಣ ಚುಕ್ಕಿ ಬರುತ್ತಿತ್ತು. ಅಲ್ಲಿಂದ ಒಂದು ಕೂದಲೆಳೆ ಹಿಂದೆ. ಚುಕ್ಕಿ ಹೋಯಿತು, ಮೀನು ಉಳಿಯಿತು. ಆಳಕ್ಕೆ ಹೋದರೆ ಕೂಗು ಸೋತು ವಾಪಸು ಬರುತ್ತದೆ, ಆಗ ಕಿವಿ ದೊಡ್ಡದು ಮಾಡುತ್ತಿದ್ದರು. ದಡದ ಹತ್ತಿರ ಬಂದರೆ ಸಣ್ಣದು. ಒಂದು ದಿನಕ್ಕೆ ಎಷ್ಟು ಸಲ ತಿರುಗಿಸುತ್ತಿದ್ದರೋ ದೇವರಿಗೇ ಗೊತ್ತು. ಮಾತಾಡುತ್ತಾ, ಬೀಡಿ ಸೇದುತ್ತಾ, ಕೈ ತನ್ನಷ್ಟಕ್ಕೆ ಹೋಗುತ್ತಿತ್ತು. ಹೇಳಿಕೊಡುವ ಅಭ್ಯಾಸ ಮಾತ್ರ ಅವರಿಗೆ ಇರಲಿಲ್ಲ.

ಒಳ್ಳೆಯ ಮೀನು ಕಂಡಾಗ ಬೇರೆ ಬೋಟು ಹತ್ತಿರ ಬಂದರೆ ಅವರು ಹೆಗಲ ಮೇಲಿನ ಬೈರಾಸು, ಅಂದರೆ ಟವೆಲು, ತೆಗೆದು ನನ್ನ ಮುಖಕ್ಕೆ ಹೊದಿಸುತ್ತಿದ್ದರು. ಆ ಬೋಟಿನಿಂದ ಯಾರಾದರೂ "ಎಂತ ಕಾಂತ್ ಕುಷ್ಟಣ್ಣ?" ಅಂದರೆ, "ಎಂತದೂ ಇಲ್ಲ ಮಾರಾಯ, ಬರೀ ನೀರ್" ಅನ್ನುತ್ತಿದ್ದರು. ಮನೆಗೆ ಹೋಗಿ ಮುತ್ತಕ್ಕ ಕೇಳಿದರೂ ಅದೇ ಉತ್ತರ. ಮುತ್ತಕ್ಕ ಬುಟ್ಟಿ ಹಿಡಿದು ಮೀನು ಇಳಿಸುವ ದಕ್ಕೆಗೆ ಬಂದರೆ ಬುಟ್ಟಿ ಸಾಲುತ್ತಿರಲಿಲ್ಲ. ಮುಖಕ್ಕೆ ಬೈರಾಸು ಬಿದ್ದ ದಿನ ನನ್ನಷ್ಟು ಗತ್ತು ಯಾರಿಗೂ ಇರಲಿಲ್ಲ.

ಒಂದು ವರ್ಷ ಮೇ ಕೊನೆಯಲ್ಲಿ, ಮಳೆಗಾಲದ ರಜೆಗೆ ಮುಂಚಿನ ಕೊನೆಯ ದಿನ, ನಾವು ಅಳಿವೆ ದಾಟಿ ಒಳಗೆ ಬಂದೆವು. ಅಳಿವೆ ಅಂದರೆ ಹೊಳೆ ಸಮುದ್ರಕ್ಕೆ ಸೇರುವ ಬಾಯಿ. ಮರಳು ದಿನಕ್ಕೊಂದು ಕಡೆ ಗುಡ್ಡೆ ಬೀಳುತ್ತದೆ, ತಪ್ಪಿದರೆ ಬೋಟು ಮಗುಚುತ್ತದೆ. ಅವತ್ತು ಅಲೆ ಎದ್ದು ನೀರೆಲ್ಲ ಕೆಸರಾಗಿತ್ತು. ಕುಷ್ಟಣ್ಣ ನನ್ನ ಕಿವಿಯನ್ನು ತೀರಾ ಸಣ್ಣ ಮಾಡಿದರು. ಕೆಸರಿನ ಗದ್ದಲ ಅಡಗಿ ಗಟ್ಟಿ ಮರಳಿನ ಗೆರೆ ಒಂದೇ ಉಳಿಯಿತು. ಆ ಗೆರೆ ನೋಡಿಕೊಂಡು ಬೋಟನ್ನು ಹೂವಿನ ಹಾಗೆ ಒಳಗೆ ತಂದರು. ಸ್ವಿಚ್ ಆರಿಸಿದರು, ನನ್ನ ನೆತ್ತಿ ತಟ್ಟಿದರು, ಇಳಿದು ಹೋದರು. ಆ ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು. ನನಗೆ ಸುದ್ದಿ ಗೊತ್ತಾದದ್ದು ಆಗಸ್ಟಿನಲ್ಲಿ, ಅವರ ಸೀಟಿನಲ್ಲಿ ಮಗ ಭಾಸ್ಕರ ಬಂದು ಕೂತಾಗ. ನನಗೆ ಅಳಲಿಕ್ಕೆ ಬರುವುದಿಲ್ಲ, ಬರುತ್ತಿದ್ದರೆ ಅತ್ತುಬಿಡುತ್ತಿದ್ದೆ.

ಭಾಸ್ಕರ ಒಳ್ಳೆಯವನು. ಆದರೆ ಎಂಥ ಕೆಲಸ ಮಾಡಿದ ಕೇಳಿ. ಗೇನ್ ಗುಂಡಿಗೆ ಕುಂಕುಮ ಇಟ್ಟ, ಅಗರಬತ್ತಿ ಹಚ್ಚಿದ, ಬೋಟಿನವರಿಗೆಲ್ಲ ಹೇಳಿದ, "ಅಪ್ಪಯ್ಯ ಕೊನಿಗ್ ಇಟ್ಟದ್ ಇದ್. ಇದನ್ ಯಾರೂ ಮುಟ್ಟೂಕಾಗ." ತಾನೂ ಮುಟ್ಟಲಿಲ್ಲ. ಮೂವತ್ತು ಮಾರು ಆಳದಲ್ಲಿ, ಮುಕ್ಕಾಲು ಪಾಲು ಮುಚ್ಚಿದ ಕಿವಿಯಲ್ಲಿ ನಾನು ಏನು ಕೇಳಲಿ? ಬೂತಾಯಿ ಮೀನಿನ ದಟ್ಟ ಹಿಂಡು ಅಡ್ಡ ಬಂದರೆ ಮಾತ್ರ ಕೇಳಿಸುತ್ತಿತ್ತು. ಅದೊಂದು ಸಿಕ್ಕಿತು ಅಂತ ಯಾರಿಗೂ ನನ್ನ ಮೇಲೆ ಅನುಮಾನ ಬರಲಿಲ್ಲ. ಉಳಿದ ಹೊತ್ತೆಲ್ಲ ನನ್ನ ಮುಖ ತೊಳೆದಿಟ್ಟ ಬಟ್ಟಲಿನ ಹಾಗೆ ಸ್ವಚ್ಛ. ನಾನು ಸುಳ್ಳು ಹೇಳುವ ಜಾತಿಯಲ್ಲ, ಆದರೆ ಕೇಳಿಸದ್ದನ್ನು ಬರೆಯಲೂ ಬರುವುದಿಲ್ಲ. ಅಗರಬತ್ತಿಯ ಹೊಗೆ ಕುಡಿಯುತ್ತಾ ಕೂತೆ. ನನಗೆ ಸಿಟ್ಟು ಬರುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು.

ಬೋಟು ಖಾಲಿ ಬರತೊಡಗಿತು. ನಾಗಪ್ಪನವರು ಒಂದು ಸಂಜೆ ಕ್ಯಾಬಿನ್ನಿಗೇ ಬಂದು ಕೂತರು.

"ಭಾಸ್ಕರ, ನಾ ನಿನ್ ವೈರಿ ಅಲ್ಲ. ದೀಪಾವಳಿ ತನ್ಕ ಕಾಂತೆ. ಆಮೇಲೆ ವಾಸುವನ್ನ ತಾಂಡೇಲ ಮಾಡೂದೇ. ನೀನ್ ಬಲೆ ಎಳಿ, ಕಲ್ತ್ಕೊ."

ವಾಸು ಅಂದರೆ ನಾಗಪ್ಪನವರ ಇನ್ನೊಂದು ಬೋಟನ್ನು ಓಡಿಸುವವನು. ಅಪ್ಪನ ಬೋಟಿನಲ್ಲಿ ಮಗ ಬೇರೆಯವನ ಮಾತಿನಂತೆ ಬಲೆ ಎಳೆಯುವುದು. ಭಾಸ್ಕರ ತಲೆ ಎತ್ತಲಿಲ್ಲ. "ಆಯ್ತ್ ಮಾವ" ಅಂದ.

ಆಯುಧಪೂಜೆಗೆ ಮುತ್ತಕ್ಕ ಬೋಟು ತೊಳೆಯಲು ಬಂದರು. ಒದ್ದೆ ಬಟ್ಟೆಯಲ್ಲಿ ನನ್ನ ಮುಖ ಒರೆಸಿ ಗುಂಡಿಗೆ ಕೈ ಹಾಕಿದರು, ಅಷ್ಟರಲ್ಲಿ ಭಾಸ್ಕರ ಕೈ ಹಿಡಿದ. "ಅಮ್ಮ, ಅದನ್ ಮುಟ್ಬೇಡ. ಅಪ್ಪಯ್ಯ ಇಟ್ಟದ್."

ಮುತ್ತಕ್ಕ ಮಗನ ಮುಖ ನೋಡಿದರು. "ನಿನ್ನಪ್ಪಯ್ಯ ಒಂದ್ ಸಾಮಾನ್ ಇಟ್ಟಲ್ಲೇ ಬಿಟ್ಟದ್ ನಾ ಕಂಡದ್ದಿಲ್ಲ ಮಗಾ. ಮನೆ ರೇಡಿಯೋದ್ ಕಿವಿ ತಿರ್ಪಿ ತಿರ್ಪಿ ಕಡಿಗ್ ಅದ್ ಕೈಗೇ ಬಂತ್" ಅಂದು ಸ್ಟಿಯರಿಂಗ್ ಒರೆಸಲು ಹೋದರು. ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ. ಭಾಸ್ಕರನಿಗೆ ಮಾತ್ರ ಆ ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಯಿತು.

ದೀಪಾವಳಿ ಹತ್ತಿರ ಬಂತು. ಒಂದು ಸಂಜೆ ಖಾಲಿ ಬೋಟಿನಲ್ಲಿ ವಾಪಸು ಬರುವಾಗ ಗಾಳಿ ಎದ್ದಿತ್ತು. ಅಳಿವೆಯ ನೀರು ಕಲಕಿ ಚಹಾ ಆಗಿತ್ತು. ನನ್ನ ಮುಖದಲ್ಲಿ ಮರಳಿನ ಗೆರೆ ಕತ್ತಿಯಲ್ಲಿ ಕೊಯ್ದ ಹಾಗೆ ಬಂತು. ಶೀನ ಬಗ್ಗಿ ನೋಡಿ, "ಈ ಟಿ.ವಿ.ಗೆ ಇಲ್ ಬಂದ್ರ್ ಮಾತ್ರ ಕಣ್ ಬತ್ತ್ ಅಲ್ದಾ" ಅಂದ.

ಭಾಸ್ಕರ ಬೋಟನ್ನು ದಕ್ಕೆಗೆ ತಂದು ಕಟ್ಟಿಸಿದ. ಎಲ್ಲರೂ ಇಳಿದರೂ ಅವನು ಇಳಿಯಲಿಲ್ಲ. ಅಪ್ಪ ಕೊನೆಯ ದಿನ ಎಲ್ಲಿಂದ ಬಂದರು, ಆ ದಿನ ನೀರು ಹೇಗಿತ್ತು, ಆ ಕೈ ಕೊನೆಗೆ ಎಲ್ಲಿ ನಿಂತಿತು, ಎಲ್ಲ ಅವನ ತಲೆಯಲ್ಲಿ ಒಂದಕ್ಕೊಂದು ಕೂಡಿ ಬಂದಿರಬೇಕು. ಶೀನನನ್ನು ವಾಪಸು ಕರೆದ.

"ಶೀನಣ್ಣ, ಅಪ್ಪಯ್ಯ ಇದನ್ ಇಲ್ಲಿಟ್ಟದ್ ಮೀನಿಗಲ್ಲ. ಮನೆಗ್ ಬಪ್ಪುಕೆ."

ಹೇಳಿ, ಸ್ಟಿಯರಿಂಗ್ ಮೇಲೆ ಹಣೆ ಇಟ್ಟು ಅತ್ತ. ಶೀನ ಬೆನ್ನು ಸವರುತ್ತಾ ನಿಂತ. ಅಪ್ಪ ಸತ್ತ ದಿನವೂ ಭಾಸ್ಕರ ಅತ್ತಿರಲಿಲ್ಲವಂತೆ.

ಮರುದಿನ ದೀಪಾವಳಿಗೆ ಮುಂಚಿನ ಕೊನೆಯ ಪಾಳಿ. ಆಳದ ಜಾಗಕ್ಕೆ ಬಂದದ್ದೇ ಭಾಸ್ಕರ ಕೈ ಮುಗಿದು, ಬೆರಳಿನಿಂದ ಕುಂಕುಮ ಒರೆಸಿ, ನನ್ನ ಕಿವಿ ತಿರುಗಿಸಿದ. ಅಬ್ಬ, ಎಷ್ಟು ತಿಂಗಳ ಮೇಲೆ ಸಮುದ್ರ ಕೇಳಿಸಿತು ನನಗೆ. ಮುಖದ ತುಂಬ ರವೆ ಬಂತು. ಅವನು ಹೆದರಿದ, ಆದರೂ ಕೂದಲೆಳೆ ಹಿಂದೆ ತಂದ. ರವೆ ಹೋಯಿತು. ನೆಲಕ್ಕೆ ಅಂಟಿಕೊಂಡು ತೆಳ್ಳಗೆ ಹೊಗೆಯ ಹಾಗೆ ಒಂದು ಪಟ್ಟಿ ಉಳಿಯಿತು.

"ಅದ್ ಕಸ" ಅಂದ ಶೀನ.

ಭಾಸ್ಕರ ಗುಂಡಿಯನ್ನು ಇನ್ನಷ್ಟು ಇಳಿಸಿದ, ಪಟ್ಟಿ ಹೋಯಿತು. ಏರಿಸಿದ, ಅದೇ ಜಾಗದಲ್ಲಿ ಮತ್ತೆ ಬಂತು. ಬೋಟು ತಿರುಗಿಸಿ ಇನ್ನೊಂದು ಕಡೆಯಿಂದ ಅದೇ ಜಾಗಕ್ಕೆ ಬಂದ, ಪಟ್ಟಿ ಅಲ್ಲೇ ಇತ್ತು. ಕಸ ಹಾಗೆ ಕಾಯುತ್ತಾ ಕೂರುವುದಿಲ್ಲ. ಅದು ಬೊಂಡಾಸು, ಅಂದರೆ ಸ್ಕ್ವಿಡ್. ಅದರ ಮೈ ಮೆತ್ತಗೆ, ಮೀನಿಗಿರುವ ಹಾಗೆ ಒಳಗೆ ಗಾಳಿಯ ಚೀಲವಿಲ್ಲ, ಅದರಿಂದ ಬರುವ ಕೂಗು ಪಿಸುಮಾತು. ಕಿವಿಗೊಟ್ಟರೆ ಮಾತ್ರ ಸಿಗುತ್ತದೆ. "ಬಲೆ ಬಿಡಿ" ಅಂದ ಭಾಸ್ಕರ. ಅವನ ದನಿ ಅಪ್ಪನದೇ ಅನಿಸಿತು ನನಗೆ.

ಬಲೆ ಏರಿದಾಗ ಶೀನ ತೆರೆದ ಬಾಯಿ ಮುಚ್ಚಲಿಲ್ಲ. ಬಲೆಯ ಚೀಲದ ತುಂಬ ಬೊಂಡಾಸು, ಬಿಳಿ ಕೆಂಪಾಗಿ ಮಿಣುಮಿಣು ಅನ್ನುತ್ತಿತ್ತು. ಎರಡನೇ ಬಲೆಯೂ ಹಾಗೆಯೇ. ಅಷ್ಟರಲ್ಲಿ ವಾಸುವಿನ ಬೋಟು ಹತ್ತಿರ ಬಂತು. ವಾಸು ನಮ್ಮ ಕ್ಯಾಬಿನ್ನಿನ ಕಿಟಕಿಯತ್ತ ಬಗ್ಗಿ, "ಎಂತ ಕಾಂತಾ ಭಾಸ್ಕರ?" ಅಂದ.

ಭಾಸ್ಕರ ಹೆಗಲ ಮೇಲಿನ ಬೈರಾಸು ತೆಗೆದು ನನ್ನ ಮುಖಕ್ಕೆ ಹೊದಿಸಿದ.

"ಎಂತದೂ ಇಲ್ಲ ಮಾರಾಯ, ಬರೀ ನೀರ್."

ದಕ್ಕೆಯಲ್ಲಿ ನಾಗಪ್ಪನವರು ಬುಟ್ಟಿ ಇಳಿಯುವುದನ್ನು ನೋಡುತ್ತಾ ನಿಂತಿದ್ದರು. ಎಲ್ಲಿ ಸಿಕ್ಕಿತು ಅಂತ ಕೇಳಿದರು. ಸೋದರಮಾವನಿಗೂ ಭಾಸ್ಕರ ಅದೇ ಉತ್ತರ ಕೊಟ್ಟ. ನಾಗಪ್ಪನವರು ಗಟ್ಟಿಯಾಗಿ ನಕ್ಕು, "ಕುಷ್ಟಭಾವನ್ ಬಾಯೇ ಇದ್" ಅಂದರು. ಬೇರೆ ತಾಂಡೇಲನ ಮಾತು ಮತ್ತೆ ಎತ್ತಲಿಲ್ಲ.

ಆಮೇಲೆ ಎಷ್ಟೋ ವರ್ಷ ದುಡಿದೆ. ಭಾಸ್ಕರ ಬಣ್ಣದ ಹೊಸ ಯಂತ್ರ ತಂದಾಗ ಶೀನ ನನ್ನನ್ನು ತನ್ನ ಸಣ್ಣ ದೋಣಿಗೆ ಒಯ್ದ. ಹೊಳೆಯ ಬಾಯಿಯಲ್ಲಿ, ಸಣ್ಣ ಕಿವಿಯಲ್ಲಿ, ಇಬ್ಬರು ಮುದುಕರು ಸೇರಿ ಮೀನು ಹಿಡಿದೆವು. ಉಪ್ಪು ನೀರು ಒಳಗೆ ಹೋಗಿ ಮುಖ ಕಪ್ಪಾದ ಮೇಲೆ ಗುಜರಿಯವನು ನನ್ನನ್ನು ಕೈಯಲ್ಲಿ ತೂಗಿ ನೋಡುತ್ತಿದ್ದ. ಭಾಸ್ಕರ ಎಲ್ಲಿಂದಲೋ ಬಂದು ಕಿತ್ತುಕೊಂಡ.

ಈಗ ಅವನ ಮನೆಯ ಕಪಾಟಿನ ಮೇಲೆ, ಕುಷ್ಟಣ್ಣನ ಫೋಟೋದ ಕೆಳಗೆ ಇದ್ದೇನೆ. ಮುತ್ತಕ್ಕ ಒರೆಸುವಾಗಲೆಲ್ಲ ಗುಂಡಿ ಒಂದಿಷ್ಟು ತಿರುಗುತ್ತದೆ. ಭಾಸ್ಕರ ಕಂಡರೂ ಈಗ ಏನೂ ಹೇಳುವುದಿಲ್ಲ. ಒರೆಸಿ ಆದ ಮೇಲೆ ಮುತ್ತಕ್ಕ ಧೂಳು ಬೀಳದ ಹಾಗೆ ಗಂಡನ ಹಳೇ ಬೈರಾಸನ್ನು ನನ್ನ ಮುಖಕ್ಕೆ ಹೊದಿಸುತ್ತಾರೆ. ಮೊನ್ನೆ ನೆಂಟರ ಹೆಂಗಸೊಬ್ಬಳು ಬಂದವಳು ಬೈರಾಸಿನತ್ತ ಬೆರಳು ಮಾಡಿ, "ಮುತ್ತಕ್ಕ, ಅದ್ರ ಅಡಿಗ್ ಎಂತ ಇಟ್ಟಿದ್ರಿ?" ಅಂತ ಕೇಳಿದಳು.

ಮುತ್ತಕ್ಕ ಫೋಟೋದ ಕಡೆ ಒಮ್ಮೆ ನೋಡಿ, ನಕ್ಕು ಹೇಳಿದರು, "ಎಂತದೂ ಇಲ್ಲ ಮಾರಾಯ್ತಿ, ಬರೀ ನೀರ್."