ಅಣ್ಣನ ಬದಲಿಗೆ ನಿಂತವನು

ಯುದ್ಧ ಮುಗಿದ ಎರಡನೆಯ ವರ್ಷ, ಆಲಿವ್ ಕಾಯಿ ಬಡಿಯುವ ಕಾಲಕ್ಕೆ ನನ್ನಣ್ಣ ಸವೇರಿಯೊ ಆಸ್ಟ್ರೇಲಿಯಾದಿಂದ ಊರಿಗೆ ಬಂದ. ಹೋದಾಗ ಇಪ್ಪತ್ತಾರರ ಹುಡುಗ. ಬಂದಾಗ ನಲವತ್ತು ದಾಟಿತ್ತು, ತಲೆ ಬೋಳಾಗಿತ್ತು. ಬಂದದ್ದು ಹೆಂಡತಿಯನ್ನು ಕರೆದೊಯ್ಯಲು. ಆ ಹೆಂಡತಿಯ ಮುಖವೇ ಅವನಿಗೆ ನೆನಪಿರಲಿಲ್ಲ. ಅವನು ಊರು ಬಿಟ್ಟಾಗ ಫ್ಲೋರಿಂದಾ ಆಡು ಕಾಯುವ ಪುಟ್ಟ ಹುಡುಗಿ.

ಕಡಲಾಚೆ ಇರುವವನಿಗೆ ಮದುವೆ ಆಗಬೇಕಾದರೆ ಮನೆಯವನೊಬ್ಬ ಚರ್ಚಿನಲ್ಲಿ ಅವನ ಬದಲಿಗೆ ನಿಂತು ಒಪ್ಪಿಗೆ ಹೇಳುತ್ತಾನೆ. ನಲವತ್ತನೆಯ ಇಸವಿಯ ಏಪ್ರಿಲಿನಲ್ಲಿ ನಾನು ನಿಂತಿದ್ದೆ. ಜುಲೈಗೆ ಅವಳು ಹಡಗು ಹತ್ತಬೇಕಿತ್ತು. ಜೂನಿನಲ್ಲಿ ನಮ್ಮವರು ಯುದ್ಧಕ್ಕಿಳಿದರು. ಅಲ್ಲಿ ಕಬ್ಬು ಕಡಿಯುತ್ತಿದ್ದ ಅಣ್ಣನನ್ನು ಶತ್ರುದೇಶದವನೆಂದು ಮುಳ್ಳುತಂತಿಯೊಳಗೆ ಕೂಡಿಹಾಕಿದರು. ಇಲ್ಲಿ ಅವಳು ತಾಯಿಯ ಮನೆಯಲ್ಲೇ ಬೆರಳಿಗೆ ಉಂಗುರ ಹಾಕಿಕೊಂಡು ಏಳು ವರ್ಷ ಕಾದಳು.

ಅಣ್ಣ ಬಂದ ಮೂರನೆಯ ದಿನ ನಮ್ಮಮ್ಮ ಅವಳನ್ನು ಊಟಕ್ಕೆ ಕರೆದಳು. ಊಟ ಮುಗಿದ ಮೇಲೆ ಅಣ್ಣ ಎರಡು ಹಡಗಿನ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಫ್ಲೋರಿಂದಾ ಅವನ್ನು ಮುಟ್ಟಲಿಲ್ಲ.

"ನಾನು ನಿಮ್ಮ ಹೆಂಡ್ತಿ ಅಲ್ಲ," ಅಂದಳು. "ಚರ್ಚಲ್ಲಿ ಪಾದ್ರಿ ಕೇಳಿದಾಗ 'ಸವೇರಿಯೊ ಪರವಾಗಿ' ಅಂತ ಹೇಳಬೇಕಿತ್ತು. ನಿಮ್ಮ ತಮ್ಮ ಹೇಳಲಿಲ್ಲ. ಬರೀ ಹೂಂ ಅಂದ."

ನಾನು ಮೇಜು ಗುದ್ದಿ ಎದ್ದೆ. ಸುಳ್ಳು ಅಂದೆ, ಮೋಸಗಾತಿ ಅಂದೆ, ಇನ್ನೂ ಏನೇನೋ ಅಂದೆ. ಆದರೆ ಅದು ಸುಳ್ಳಲ್ಲ. ಮದುವೆಯ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸುವವನೊಡನೆ ನನಗೆ ಜಗಳವಾಗಿತ್ತು, ತಲೆ ಕೆಟ್ಟಿತ್ತು. ಅಣ್ಣನ ಹೆಸರು ಹೇಳುವುದನ್ನೇ ಮರೆತೆ. ಪಾದ್ರಿಗೆ ಕಿವಿ ಮಂದ. ಅವರು ಮಂತ್ರ ಮುಂದುವರಿಸಿದರು. ಯಾರೂ ಗಮನಿಸಲಿಲ್ಲ ಅಂದುಕೊಂಡು ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ನನ್ನ ಹೆಂಡತಿ ಕತೆರಿನಾ ತಟ್ಟೆ ಎತ್ತುತ್ತ, "ಹಾಗಾದ್ರೆ ಏಳು ವರ್ಷದಿಂದ ನನಗೊಬ್ಬಳು ಸವತಿ ಇದ್ದಾಳೆ ಅನ್ನಿ. ಒಂದಿನಾನೂ ಪಾತ್ರೆ ತೊಳೆಯೋಕೆ ಬರಲಿಲ್ವಲ್ಲ ತಾಯಿ," ಅಂದಳು.

ಅಣ್ಣ ನನ್ನ ಕಡೆ ತಿರುಗಿ ನಿಜವೇ ಎಂದು ಕೇಳಿದ. ನಿಜ ಅಂದೆ. ಅಮ್ಮ ಅಳಲು ಶುರುಮಾಡಿದಳು. ಮದುವೆಯ ಕಾಗದದಲ್ಲಿ ಸವೇರಿಯೊನ ಹೆಸರಿದೆ, ಅಷ್ಟು ಸಾಕು ಎಂದು ಈಗಿನ ಪಾದ್ರಿ ಹೇಳಿಯಾರು ಅಂದಳು. ಫ್ಲೋರಿಂದಾ, ಕಾಗದದಲ್ಲಿ ಏನಾದರೂ ಇರಲಿ, ತಾನು ಕೇಳಿದ್ದೇ ಬೇರೆ ಎಂದು ಹೇಳಿ ಶಾಲು ಹೊದ್ದು ಹೊರಟಳು. ಬಾಗಿಲಲ್ಲಿ ನಿಂತು ಅಣ್ಣನಿಗೆ ಇಷ್ಟು ಹೇಳಿದಳು: "ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ನೀವು ಹೇಗಿದ್ದೀರೋ ನೋಡಿ ಹೇಳೋಣ ಅಂತಿದ್ದೆ."

ಹೇಗಿದ್ದಾನೆ ಎಂದು ಮಾತ್ರ ಹೇಳಲಿಲ್ಲ.

ನಾನು ಹೋಗಿ ಅವಳ ತಾಯಿಯ ಹತ್ತಿರ ಮಾತಾಡಿ ಬರುತ್ತೇನೆಂದು ಟೋಪಿ ತೆಗೆದುಕೊಂಡೆ. ಅಣ್ಣ ನನ್ನ ತೋಳು ಹಿಡಿದ.

"ನೀನು ಮಾತಾಡಿದ್ದು ಸಾಕು ಕಣೋ," ಅಂದ.

ನಮ್ಮಲ್ಲಿ ಹುಡುಗಿಯನ್ನು ಮದುವೆಗೆ ಕೇಳುವವನು ಮರದ ಕೊರಡೊಂದನ್ನು ಅವಳ ಬಾಗಿಲಲ್ಲಿ ಇಟ್ಟು ಬರುತ್ತಾನೆ. ಒಳಗೆ ತೆಗೆದುಕೊಂಡರೆ ಒಪ್ಪಿಗೆ. ಬೀದಿಗೆ ಉರುಳಿಸಿದರೆ ಅವನು ಬೇರೆ ಮನೆ ನೋಡಿಕೊಳ್ಳಬೇಕು. ಇದು ಇಪ್ಪತ್ತು ವರ್ಷದ ಹುಡುಗರು ಕತ್ತಲು ಹರಿಯುವ ಮುಂಚೆ ಕದ್ದು ಮಾಡುವ ಕೆಲಸ. ನನ್ನಣ್ಣ ಮರುದಿನ ಓಕ್ ಮರದ ಕೊರಡನ್ನು ಹೆಗಲ ಮೇಲಿಟ್ಟುಕೊಂಡು ನಡುಮಧ್ಯಾಹ್ನ ಇಡೀ ಬೀದಿಯ ಎದುರು ನಡೆದ. ಹೆಂಗಸರು ಕಿಟಕಿಗೆ ಬಂದರು. ಚಮ್ಮಾರ, ಚಳಿಗಾಲದ ಸೌದೆ ಮಾರುತ್ತೀಯಾ ಎಂದು ಕೇಳಿದ. ಅಣ್ಣ ಕೊರಡನ್ನು ಅವಳ ಹೊಸ್ತಿಲ ಪಕ್ಕ ಇಳಿಸಿ ಬಂದ.

ಎರಡು ದಿನ ಅದು ಅಲ್ಲೇ ಬಿದ್ದಿತ್ತು. ಫ್ಲೋರಿಂದಾ ನೀರಿನ ಕೊಡ ಹೊತ್ತು ಅದನ್ನು ದಾಟಿ ಹೋಗುವಳು, ದಾಟಿ ಬರುವಳು. ಅಣ್ಣ ನಮ್ಮ ಮರಗಳ ಕೆಳಗೆ ಕಾಯಿ ಆರಿಸುತ್ತ ಕೂತಿದ್ದ. ಹಡಗಿನ ಮಾತೆತ್ತಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೂರನೆಯ ದಿನ ನಾನು ಬೇಕೆಂದೇ ಆ ಬೀದಿಯಲ್ಲಿ ಹೋದೆ. ಕೊರಡು ಹೊಸ್ತಿಲಲ್ಲಿರಲಿಲ್ಲ. ಇಳಿಜಾರಿನ ಕೊನೆಯ ಚರಂಡಿಯವರೆಗೂ ಓಡಿ ಹೋಗಿ ನೋಡಿದೆ. ಅಲ್ಲೂ ಇರಲಿಲ್ಲ. ತಿರುಗಿ ಬಂದಾಗ ಅವಳ ಬಾಗಿಲು ತೆರೆದಿತ್ತು. ಒಲೆಯ ಮುಂದೆ ಕೊರಡಿನ ಮೇಲೆ ಕೂತು ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಏನು ಇಣುಕ್ತೀಯ ಕೋಸಿಮೊ," ಅಂದಳು ತಲೆಯೆತ್ತದೆ. "ಹೋಗಿ ನಿಮ್ಮಣ್ಣನ್ನ ಕಳಿಸು."