ಹತ್ತೊಂಬತ್ತನೇ ಪುಟ

ಓದಿದ ಕಾದಂಬರಿಯನ್ನೇ ಮತ್ತೆ ಮನೆಗೆ ತರಬಾರದೆಂದು ಅಮ್ಮ ಒಂದು ಉಪಾಯ ಮಾಡಿಕೊಂಡಿದ್ದಳು. ಮುಗಿಸಿದ ಪುಸ್ತಕದ ಹತ್ತೊಂಬತ್ತನೇ ಪುಟದಲ್ಲಿ, ಅಂಕಿಯ ಕೆಳಗೆ, ಪೆನ್ಸಿಲಿನ ಒಂದು ಗೀಟು. ಒತ್ತಿ ಎಳೆಯುತ್ತಿದ್ದಳು, ಹಾಳೆ ಮಗುಚಿದರೆ ಬೆರಳಿಗೆ ಉಬ್ಬು ಸಿಗುತ್ತಿತ್ತು. ನಮ್ಮ ಬೀದಿಯ ಬಾಡಿಗೆ ಲೈಬ್ರರಿಗೆ ಬರುವ ಹೆಂಗಸರೆಲ್ಲರಿಗೂ ಹೀಗೇ ಒಂದೊಂದು ಗುರುತು: ಒಬ್ಬರದು ಚುಕ್ಕಿ, ಇನ್ನೊಬ್ಬರದು ಸೊನ್ನೆ.

ನಾನು ನಗುತ್ತಿದ್ದೆ. "ಎಲ್ಲದರಲ್ಲೂ ಅದೇ ಕಥೆ ಅಲ್ವೇನಮ್ಮಾ? ಜಗಳ ಆಡ್ತಾರೆ, ಮಳೇಲಿ ನೆನೀತಾರೆ, ಮದುವೆ ಆಗ್ತಾರೆ. ಓದಿದ್ದನ್ನೇ ತಂದ್ರೆ ಏನೀಗ?"

"ಎಲ್ಲರ ಬಾಯಲ್ಲೂ ಅದೇ ಮೂವತ್ತೆರಡು ಹಲ್ಲು. ಒಬ್ಬರದ್ದು ಇನ್ನೊಬ್ಬರಿಗೆ ಹಾಕ್ತೀಯೇನೇ?"

ನಾನು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ.

ಕಳೆದ ವರ್ಷ ಅಮ್ಮ ಹೋದಳು. ಅವಳು ಅರ್ಧ ಓದಿಟ್ಟ ಪ್ರೇಮ ಕಾದಂಬರಿಯನ್ನು ಹಿಂದಿರುಗಿಸಲು ಹೊರಟವಳು ಬಾಗಿಲಲ್ಲೇ ನಿಂತು ಓದತೊಡಗಿದೆ. ಆಮೇಲೆ ಅವಳ ಗೀಟಿರುವ ಪುಸ್ತಕಗಳನ್ನು ಮಾತ್ರ ಹುಡುಕಿ ತಂದೆ. ಲ್ಯಾಬಿನಲ್ಲಿ ಮೇಣ ಕರಗುವಷ್ಟು ಹೊತ್ತು, ಮನೆಯಲ್ಲಿ ಅವಳ ಕುರ್ಚಿಯಲ್ಲಿ, ಓದಿದೆ. ಮದುವೆಯಾಗುತ್ತಾರೆಂದು ಗೊತ್ತಿದ್ದೂ ಅತ್ತೆ. ಅಮ್ಮ ಎಲ್ಲಿ ನಕ್ಕಿರಬಹುದೆಂದು ಗೊತ್ತಾಗುತ್ತಿತ್ತು. ಅವಳು ನನಗಿಂತ ಬೇಗ ಓದುವವಳು. ನಾನು ಪುಟದ ತುದಿ ಮುಟ್ಟುವ ಮೊದಲೇ ಯಾರೋ ಹಾಳೆ ತಿರುವಲು ಕಾದಿರುವಂತೆ ಕುತ್ತಿಗೆಯ ಹಿಂದೆ ಬೆಚ್ಚಗಾಗುತ್ತಿತ್ತು.

ಗೀಟಿನ ಪುಸ್ತಕಗಳು ಮುಗಿದುಹೋದರೆ? ಅದೊಂದೇ ಭಯ. ಒಂದು ಸಲ ಬರಿಗೈಯಲ್ಲಿ ಮರಳಿದ್ದೆ, ಆದರೂ ಮುಗಿಯಲಿಲ್ಲ. ಅಲ್ಲಿಂದ ಮುಂದೆ ಪ್ರತಿ ವಾರ ಒಂದು ಸಿಗುತ್ತಲೇ ಇತ್ತು.

ಒಂದು ಸಂಜೆ ಕೈಗೆ ಬಂದ ಪುಸ್ತಕ ಈ ವರ್ಷ ಅಚ್ಚಾದದ್ದೆಂದು ಮೊದಲ ಹಾಳೆಯಲ್ಲಿತ್ತು. ಹತ್ತೊಂಬತ್ತಕ್ಕೆ ಹೋದೆ. ಗೀಟೂ ಇತ್ತು. ಹಾಳೆ ಮಗುಚಿ ಸವರಿದೆ. ಉಬ್ಬಿರಲಿಲ್ಲ.

ಲೈಬ್ರರಿ ನಡೆಸುವವರನ್ನು ನಾವು ಕರೆಯುವುದು ಗೋಂದಕ್ಕ ಎಂದು. ಯಾವಾಗ ನೋಡಿದರೂ ಹರಿದ ಪುಸ್ತಕಕ್ಕೆ ಅಂಟು ಬಳಿಯುತ್ತಿರುತ್ತಾರೆ. ಪುಸ್ತಕವನ್ನು ಅವರ ಮುಂದೆ ತೆರೆದು ಹಿಡಿದೆ. ಅವರ ಕುಂಚ ನಿಂತಿತು.

"ನಾನೇ ಹಾಕ್ದೆ ಕಣಮ್ಮಾ. ಅವತ್ತು ನೀನು ಕಪಾಟೆಲ್ಲ ಜಾಲಾಡಿ ಬರಿಗೈಲಿ ಹೋದೆ ನೋಡು, ಆ ಮುಖ ನೋಡಕ್ಕಾಗಲಿಲ್ಲ."

"ಯಾವ್ಯಾವುದಕ್ಕೆ ಹಾಕಿದ್ರಿ?"

"ಅದೆಲ್ಲಿ ನೆನಪಿರತ್ತೆ? ಬೈಬೇಡ."

ನಾನು ಬಿಕ್ಕಿ ಬಿಕ್ಕಿ ಅತ್ತ ಪುಟಗಳಲ್ಲಿ ಕೆಲವನ್ನು ಅಮ್ಮ ಮುಟ್ಟಿಯೇ ಇರಲಿಲ್ಲ. ಹಾಗಾದರೆ ಕುತ್ತಿಗೆಯ ಹಿಂದೆ ಕಾದಿದ್ದವರು ಯಾರು?

ಯಾವ ಗುರುತೂ ಇಲ್ಲದ, ಹೊಚ್ಚ ಹೊಸದೊಂದನ್ನು ಎತ್ತಿಕೊಂಡು ಮನೆಗೆ ಬಂದೆ. ಹತ್ತೊಂಬತ್ತರವರೆಗೆ ಹೇಗೋ ಓದಿದೆ. ಅಂಕಿಯ ಕೆಳಗಿನ ಖಾಲಿ ಜಾಗ ನನ್ನನ್ನೇ ನೋಡುತ್ತಿತ್ತು. ಕುರ್ಚಿ ಬರೀ ಕುರ್ಚಿಯಾಗಿತ್ತು. ನಾನು ತಿರುವದೆ ಹಾಳೆ ತಿರುಗುವಂತಿರಲಿಲ್ಲ.

ಮರುದಿನ ಆ ಪುಸ್ತಕ ಹಿಡಿದು ಲ್ಯಾಬಿನಿಂದ ನೇರ ಗೋಂದಕ್ಕನ ಹತ್ತಿರ ಹೋದೆ.

"ಯಾಕೇ, ಹಿಡಿಸಲಿಲ್ವಾ?"

"ಇದಕ್ಕೆ ಗೀಟು ಹಾಕ್ಕೊಡಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ಎಲ್ಲಾ ಗೊತ್ತಿದ್ದೂನಾ?"

"ಒತ್ತಿ ಎಳೀರಿ. ಅಮ್ಮ ಒತ್ತಿ ಎಳೀತಿದ್ದಳು. ನಾನು ಆ ಕಡೆ ತಿರುಗಿರ್ತೀನಿ."

ಬೀದಿ ನೋಡುತ್ತ ನಿಂತೆ. ಡ್ರಾಯರು ಎಳೆದ ಸದ್ದು. ಹಾಳೆಗಳ ಸರಸರ. ಆಮೇಲೆ ಪೆನ್ಸಿಲು ಕಿರ್ ಎಂದಿತು.

"ತಗೋ," ಎಂದರು.

ಮನೆಗೆ ಬಂದು ಕುರ್ಚಿಯ ತುದಿಯಲ್ಲಿ, ಒಂದಿಷ್ಟು ಜಾಗ ಬಿಟ್ಟು ಕೂತೆ. ಇಪ್ಪತ್ತನೇ ಪುಟದಲ್ಲಿ ಹೆಬ್ಬೆರಳಿಗೆ ಉಬ್ಬು ಸಿಕ್ಕಿತು. ಕುತ್ತಿಗೆಯ ಹಿಂದೆ ಬೆಚ್ಚಗಾಯಿತು. ಹಾಳೆಯ ತುದಿ ಬೆರಳಿನಡಿ ಅವಸರ ಮಾಡಿತು.

"ತಾಳಮ್ಮಾ," ಎಂದೆ. "ಇನ್ನೂ ಎರಡು ಸಾಲಿದೆ."