ಒಂದೇ ಚಮಚದ ಮನೆ

ಪಕೊಕ್ಕು ಎಂಬ ಊರಿನ ದಾ ಸೋ ಟಿಂಟ್ ಎಂಬವಳ ಮನೆಯಲ್ಲಿ ಸಾರಿನ ಬೋಗುಣಿಗೆ ಒಂದೇ ಚಮಚ. ಊಟಕ್ಕೆ ಎಂಟು ಜನ ಕೂತರೂ ಅದು ಬೋಗುಣಿಯಿಂದ ಬಾಯಿಗೆ, ಬಾಯಿಂದ ಬೋಗುಣಿಗೆ, ಅಲ್ಲಿಂದ ಇನ್ನೊಬ್ಬರ ಬಾಯಿಗೆ ಸುತ್ತು ಹೊಡೆಯುತ್ತಿತ್ತು. ಆ ಮನೆಯವರಿಗೆ ಹೊಲಗದ್ದೆ ಇರಲಿಲ್ಲ, ಓದು ತಲೆಗೆ ಹತ್ತಿರಲಿಲ್ಲ. ಮೆರೆಯಲು ಇದ್ದದ್ದು ಆ ಚಮಚ. "ನಮ್ಮಲ್ಲಿ ಎಂಜಲು ಅನ್ನೋ ಮಾತೇ ಇಲ್ಲ" ಎಂದು ದಾ ಸೋ ಟಿಂಟ್ ತನ್ನ ವೀಳ್ಯದೆಲೆ ಅಂಗಡಿಗೆ ಬಂದವರಿಗೆಲ್ಲ ಚುಟ್ಟಾ ಹೊಗೆಯ ನಡುವೆ ಹೇಳುತ್ತಿದ್ದಳು.

ಈಗ ಆ ಚಮಚಕ್ಕೆ ಅವಮಾನವಾಗಿತ್ತು. ದಾ ಸೋ ಟಿಂಟ್ ತಮ್ಮನ ಹೆಂಡತಿ ನ್ಯುಂಟ್ ಯೀ ಆಸ್ಪತ್ರೆಯಿಂದ ಬರುವಾಗ ತನ್ನದೇ ಒಂದು ಚಮಚ ತಂದಿದ್ದಳು.

ನ್ಯುಂಟ್ ಯೀ ಮಗ್ಗ ತುಳಿಯುವವಳು. ಮೊಣಕಾಲು ನೋವೆಂದರೆ ಸಾಕು, ದಾ ಸೋ ಟಿಂಟ್ ಅಂಗಡಿಯಿಂದ ನೋವಿನ ಪೊಟ್ಟಣ ತಂದು ಕೈಗಿಡುತ್ತಿದ್ದಳು. ಹೆಸರಿಲ್ಲದ ನಾಲ್ಕು ಬಣ್ಣದ ನಾಲ್ಕು ಮಾತ್ರೆ. ಕಾಲುನೋವಿಗೂ ಅದೇ, ತಲೆನೋವಿಗೂ ಅದೇ. ಹೊಟ್ಟೆ ಉರಿಯುತ್ತದೆ ಎಂದಾಗಲೂ ಅದನ್ನೇ ಕೊಟ್ಟಳು, ಪ್ರೀತಿಯಿಂದಲೇ ಕೊಟ್ಟಳು. ಒಂದು ಬೆಳಿಗ್ಗೆ ನ್ಯುಂಟ್ ಯೀಗೆ ಮಲ ಡಾಂಬರಿನಂತೆ ಕಪ್ಪಗೆ ಹೋಯಿತು, ಅವಳು ಮಗ್ಗದ ಪಕ್ಕದಲ್ಲೇ ಕುಸಿದುಬಿದ್ದಳು.

"ಹೊಟ್ಟೆ ಒಳಗೆ ಹುಣ್ಣಾಗಿದೆ. ಅಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿದೆ" ಎಂದಿದ್ದರು ಡಾಕ್ಟರು. "ಅದರ ಮೇಲೆ ಆ ಪೊಟ್ಟಣದ ಮಾತ್ರೆ ಸುರಿದಿದ್ದೀರಿ. ಹದಿನಾಲ್ಕು ದಿನ ಈ ಔಷಧಿ, ಒಂದು ಹೊತ್ತೂ ತಪ್ಪಬಾರದು. ಪೊಟ್ಟಣ ಮುಟ್ಟಬೇಡಿ. ಈ ಬ್ಯಾಕ್ಟೀರಿಯಾ ಮನೇಲಿ ಒಬ್ಬರ ಬಾಯಿಂದ ಒಬ್ಬರಿಗೆ ಹರಡುತ್ತೆ, ಚಮಚ ಬೇರೆ ಇಟ್ಕೊಳ್ಳಿ. ಇನ್ನೊಂದು ಸಲ ಹೀಗೆ ರಕ್ತ ಹೋದ್ರೆ ಜೀವಕ್ಕೆ ನಾನು ಮಾತು ಕೊಡೋಕಾಗಲ್ಲ."

ಮನೆಯಲ್ಲಿ ನ್ಯುಂಟ್ ಯೀ ಅದನ್ನು ನೆನಪಿಸಿದಾಗ ದಾ ಸೋ ಟಿಂಟ್ ನಕ್ಕುಬಿಟ್ಟಳು. "ಹುಳಾನಾ? ಪುಂಡಿಸೊಪ್ಪಿನ ಹುಳಿಗೆ ತಾಮ್ರದ ಕಿಲುಬೇ ಬಿಡುತ್ತೆ, ಅದನ್ನ ಕುಡಿಯೋ ಹೊಟ್ಟೇಲಿ ಹುಳ ಸಂಸಾರ ಮಾಡುತ್ತಾ? ನೇರವಾಗಿ ಹೇಳು, ನಮ್ಮ ಬಾಯೆಲ್ಲ ಕೊಳಕು ಅಂತ ತಾನೆ?"

ನ್ಯುಂಟ್ ಯೀಯ ಗಂಡ ಕೊ ಥೌಂಗ್ ಪೇ ಅಲ್ಲೇ ಇದ್ದ. ಬಾಯಲ್ಲಿ ವೀಳ್ಯ ತುಂಬಿತ್ತು. ಅಕ್ಕನ ಎದುರು ಅವನ ಬಾಯಲ್ಲಿ ಯಾವಾಗಲೂ ವೀಳ್ಯ ತುಂಬಿರುತ್ತಿತ್ತು.

ಬೈಗುಳವನ್ನು ನ್ಯುಂಟ್ ಯೀ ತಡೆದುಕೊಳ್ಳಬಲ್ಲಳು. ಆದರೆ ಆಸ್ಪತ್ರೆಯಲ್ಲಿ ಮೂರು ದಿನ ನೆಲದ ಮೇಲೆ ಚಾಪೆ ಹಾಸಿಕೊಂಡು ಅವಳ ಕಾಲೊತ್ತಿ ಬೀಸಣಿಗೆ ಬೀಸಿದವಳು ಇದೇ ಅತ್ತಿಗೆ. ಬೀಸಣಿಗೆ ಬೀಸಿದ ಕೈ ನೀಡಿದ್ದನ್ನು ಬೇಡವೆನ್ನುವುದು ಹೇಗೆ?

ಔಷಧಿ ಶುರುವಾದ ಹನ್ನೊಂದನೆಯ ದಿನ, ಮಳೆಗಾಲದ ವ್ರತ ಮುಗಿಯುವ ಹುಣ್ಣಿಮೆ. ಹಿರಿಯರಿಗೆ ನಮಸ್ಕರಿಸಲು ನೆಂಟರೆಲ್ಲ ಬಂದರು. ಎಂಬತ್ತು ದಾಟಿದ ಸೋದರಮಾವ ಉ ಶ್ವೆ ಲುನ್ ನಡುವೆ ಕೂತರು. ಬಗ್ಗಿ ಎದ್ದು ನ್ಯುಂಟ್ ಯೀಯ ಮೊಣಕಾಲು ಊದಿತ್ತು. ಊಟಕ್ಕೆ ಕೂರುವಾಗ ದಾ ಸೋ ಟಿಂಟ್ ಅವಳ ಮಡಿಲಿಗೆ ಪೊಟ್ಟಣವೊಂದನ್ನು ಹಾಕಿದಳು.

"ಇದೊಂದು ನುಂಗು, ಕುಂಟಬೇಡ. ಆ ಚಮಚ ಒಳಗಿಡು. ಹಬ್ಬದ ದಿನ ನಮಗೇನೋ ಕುಷ್ಠ ಬಂದಿದೆ ಅನ್ನೋ ಹಾಗೆ ಸಾರಬೇಡ."

ಎಲ್ಲರ ಕಣ್ಣೂ ತನ್ನ ಮೇಲೆ. ನ್ಯುಂಟ್ ಯೀ ಪೊಟ್ಟಣವನ್ನು ಮೆಲ್ಲಗೆ ಅತ್ತಿಗೆಯ ಕಡೆ ಸರಿಸಿದಳು. ತನ್ನ ಚಮಚವನ್ನೇ ಎತ್ತಿಕೊಂಡಳು.

"ಅಕ್ಕ, ನೀವು ಮೂರು ದಿನ ನನ್ನ ಕಾಲೊತ್ತಿದ್ರಿ. ಇದನ್ನ ನುಂಗಿದ್ರೆ ಮುಂದಿನ ಸಲ ಒತ್ತಿಸ್ಕೊಳ್ಳೋಕೆ ನಾನೇ ಇರಲ್ಲ."

"ಕೇಳಿದ್ರಾ ಮಾವ?" ದಾ ಸೋ ಟಿಂಟ್ ಸಿಡಿದಳು. "ಮಹಾರಾಣಿಗೆ ಈಗ ನಮ್ಮ ಚಮಚ ಆಗಿಬರಲ್ಲ!"

ಉ ಶ್ವೆ ಲುನ್ ಬೊಚ್ಚುಬಾಯಿ ಒರೆಸಿಕೊಂಡರು. "ನನಗೂ ಒಂದು ಬೇರೆ ಕೊಡಮ್ಮ. ಮೂವತ್ತು ವರ್ಷದಿಂದ ಹೊಟ್ಟೆ ಉರಿ. ಈ ಮನೇಲಿ ಸಾರಿಗಿಂತ ಚಮಚಾನೇ ಹೆಚ್ಚು ನೆಕ್ಕಿದೀನಿ."

"ನನಗೂ" ಎಂದಳು ಒಬ್ಬ ಸೊಸೆ. "ಹಾಗಾದ್ರೆ ನನಗೂ ಇರಲಿ" ಎಂದ ಇನ್ನೊಬ್ಬ. ಇಷ್ಟು ವರ್ಷ ಎಂಜಲನ್ನು ಹೊಗಳಿದ ನೆಂಟರಲ್ಲಿ ಅರ್ಧಕ್ಕರ್ಧ ಜನ ಹೊಟ್ಟೆ ಹಿಡಿದುಕೊಂಡೇ ಬದುಕಿದವರೆಂದು ಅಂದು ತಿಳಿಯಿತು. ಮನೆಯಲ್ಲಿ ಅಷ್ಟೊಂದು ಚಮಚ ಎಲ್ಲಿಂದ ಬರಬೇಕು? ಕೊ ಥೌಂಗ್ ಪೇ ಎದ್ದು, ಅಂಗಳದಲ್ಲಿ ವೀಳ್ಯ ಉಗುಳಿ, ಪಕ್ಕದ ಮನೆಯಿಂದ ಒಂದು ಕಟ್ಟು ಎರವಲು ತಂದ. ಮದುವೆಯಾದ ಮೇಲೆ ಅವನು ಮಾಡಿದ ಮೊದಲ ಸಾಹಸ ಅದು.

ಕೊನೆಗೆ ಹಳೆಯ ಚಮಚ ದಾ ಸೋ ಟಿಂಟ್ ಎದುರು ಉಳಿಯಿತು. ನಲವತ್ತು ವರ್ಷ ಎಲ್ಲರದೂ ಆಗಿದ್ದದ್ದು ಈಗ ಅವಳೊಬ್ಬಳದೇ. ಅದರಲ್ಲೇ ಸೊರ್ರೆಂದು ಸದ್ದು ಮಾಡಿ ಸಾರು ಹೀರಿದಳು, ಯಾರ ಮುಖವನ್ನೂ ನೋಡಲಿಲ್ಲ.

ತಟ್ಟೆ ಎತ್ತಲು ನ್ಯುಂಟ್ ಯೀ ಏಳಹೋದಾಗ ಒಂದು ಕೈ ಭುಜ ಒತ್ತಿ ಕೂರಿಸಿತು. ನೀರಿನ ಲೋಟ, ಅದರ ಪಕ್ಕ ಡಾಕ್ಟರು ಕೊಟ್ಟ ಊಟದ ನಂತರದ ಮಾತ್ರೆಗಳು, ಒಂದೂ ತಪ್ಪದೆ.

"ಏನ್ ನೋಡ್ತೀಯ? ನುಂಗು" ಎಂದಳು ದಾ ಸೋ ಟಿಂಟ್. "ನಿನ್ನ ಮುಖ ನೋಡಿ ಹೆದರಿ ಓಡಿಹೋಗೋಕೆ ಆ ಹುಳ ಏನು ನನ್ನ ತಮ್ಮ ಅಂದ್ಕೊಂಡ್ಯಾ?"